ತಂಪು ಬಣ್ಣ ಹಚ್ಚಿದರೆ ಮನೆ ತಂಪಾದೀತೇ?

ಕೊಪ್ಪಳದಿಂದ ಗಂಗಾವತಿಗೋ, ಕುಷ್ಟಗಿಗೋ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಒಂದು ಮಾತು ಗೊತ್ತಿದ್ದೇ ಇರುತ್ತದೆ. ಕಿಟಕಿ ಪಕ್ಕ ಸೀಟು ಸಿಕ್ಕರೆ ರಸ್ತೆಯ ಎರಡೂ ಬದಿ ಬಣ್ಣದ ಸಂತೆ. ಒಂದು ಮನೆ ಗಿಳಿ ಹಸಿರು, ಪಕ್ಕದ್ದು ಕಿತ್ತಳೆ, ಅದರಾಚೆಯದು ಬದನೆಕಾಯಿ ಬಣ್ಣ. ಹೊರಗಿನ ಬಣ್ಣ ದಾರಿಹೋಕರಿಗೆ. ಅದನ್ನು ನೋಡಿ ನಕ್ಕು ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗುತ್ತೇವೆ. ಆದರೆ ಒಳಗಿನ ಬಣ್ಣ? ಅದು ಮನೆಯವರ ಪಾಲಿಗೆ. ಬೆಳಿಗ್ಗೆ ಎದ್ದರೆ ಅದೇ, ರಾತ್ರಿ ಮಲಗಿದರೆ ಅದೇ. ಮತ್ತೆ ಸುಣ್ಣ-ಬಣ್ಣದ ಯೋಗ ಬರುವ ತನಕ ಐದಾರು ವರ್ಷ ಅದರ ಜೊತೆಯೇ ಸಂಸಾರ.

ಹಬ್ಬ ಅಥವಾ ಮದುವೆ ಹತ್ತಿರ ಬಂತೆಂದರೆ ಬಣ್ಣದ ಅಂಗಡಿಗಳಲ್ಲಿ ನಡೆಯುವ ಮಾತುಕತೆ ಕೇಳಬೇಕು. ಗಂಡ ನೀಲಿ ಅಂತಾನೆ, ಹೆಂಡತಿ ಹಳದಿ ಅಂತಾಳೆ. ಶೇಡ್ ಕಾರ್ಡು ನಾಲ್ಕು ಕೈ ಬದಲಾಗುತ್ತದೆ. ಕಡೆಗೆ ಗಲ್ಲಾದ ಮೇಲೆ ಕೂತವರು ತೀರ್ಪು ಕೊಡುತ್ತಾರೆ: "ಇದು ತೊಗೊಳ್ರಿ, ತಿಳಿ ನೀಲಿ. ತಂಪ ಇರತೈತಿ. ಬ್ಯಾಸಗ್ಯಾಗ ಗೊತ್ತ ಆಗತೈತಿ ನಿಮಗ."

ಈ ಮಾತು ನಂಬಿ ದುಡ್ಡು ಕಳೆದುಕೊಂಡವರಲ್ಲಿ ಈ ವರದಿಗಾರನೂ ಒಬ್ಬ. ಅದಕ್ಕೇ ಈ ವಾರದ ಅಂಕಣ ಗೋಡೆಯ ಮೇಲೆ.

ಅವ್ವನ ಕೋಣೆ

ನಮ್ಮದು ಒಂದೇ ಅಂತಸ್ತಿನ ಸ್ಲ್ಯಾಬಿನ ಮನೆ. ಪಡುವಣ ದಿಕ್ಕಿನ ಕೋಣೆ ಅವ್ವನದು. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರ ಕಿಟಕಿಗೆ ಬರುತ್ತದೆ. ಕಳೆದ ವರ್ಷ ಶಿವರಾತ್ರಿ ಹೊತ್ತಿಗೆ ಕೈಯಲ್ಲಿ ಒಂದಿಷ್ಟು ಹಣ ಇತ್ತು. ಅಣ್ಣ "ಮೊದಲು ಮಾಳಿಗಿ ಮ್ಯಾಲೆ ಏನರ ಮಾಡೋಣು" ಅಂದ. ನಾನು ಪೇಪರಿನವನು, ನಾಲ್ಕು ಜನರ ಮಾತು ಕೇಳಿದವನು ಎಂಬ ಜಂಬ. "ಬ್ಯಾಡ, ತಂಪು ಬಣ್ಣ ಹಚ್ಚಿಸೋಣು" ಅಂದೆ. ಇದ್ದ ದುಡ್ಡೆಲ್ಲ ಪುಟ್ಟಿ, ಪ್ರೈಮರ್, ತಿಳಿ ನೀಲಿ ಎಮಲ್ಷನ್‌ಗೆ ಹೋಯಿತು. ಗೋಡೆ ಕೆರೆಯ ನೀರಿನ ಹಾಗೆ ಕಾಣುತ್ತಿತ್ತು. ನೆಂಟರು ಬಂದು ಹೊಗಳಿ ಹೋದರು.

ಏಪ್ರಿಲ್ ಬಂತು. ನಮ್ಮ ಸೀಮೆಯ ಏಪ್ರಿಲ್ ಅಂದರೆ ಹೇಳಬೇಕೆ? 40 ಡಿಗ್ರಿ ಅನ್ನುವುದು ಇಲ್ಲಿ ಸುದ್ದಿಯೇ ಅಲ್ಲ. ಒಂದು ಸಂಜೆ ಮನೆಗೆ ಬಂದರೆ ಅವ್ವ ಗೋಡೆಗೆ ಒರಗಿ ಕೂತಿದ್ದಾಳೆ. ಮಾತು ತೊದಲುತ್ತಿದೆ, ಬಾಯಿ ಒಣಗಿದೆ. ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಓಡಿದೆವು. ಸಲೈನ್ ಏರಿಸಿದ ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. "ನೀರು ಎಷ್ಟು ಕುಡಿದಿದ್ದರು? ಮಲಗೋ ಕೋಣೆ ಮೇಲೆ ಏನಿದೆ?" ಗೋಡೆಯ ಬಣ್ಣ ಯಾವುದು ಅಂತ ಅವರು ಕೇಳಲಿಲ್ಲ.

ಮಾರನೆ ದಿನ ಚೇತರಿಸಿಕೊಂಡ ಅವ್ವ ಅಂದಳು: "ಯಪ್ಪಾ, ಗ್ವಾಡಿ ನೋಡಾಕ ತಂಪ ಐತಿ. ಮೈ ತಂಪ ಆಗವಲ್ದು."

ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಅವ್ವನ ಈ ಒಂದು ಮಾತಿನಲ್ಲಿ ಇಡೀ ಪಾಠ ಸಿಕ್ಕಿತು.

ಕಾವು ಬರುವುದು ಎಲ್ಲಿಂದ?

ವಿಷಯ ಸರಳ. ಬೇಸಿಗೆಯಲ್ಲಿ ಮಟಮಟ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ. ಅವನ ಪೆಟ್ಟು ಬೀಳುವುದು ಚಾವಣಿಗೆ. ಸಿಮೆಂಟಿನ ಸ್ಲ್ಯಾಬು ಹಗಲೆಲ್ಲ ಕಾವು ಕುಡಿದು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ರಾತ್ರಿ ನಾವು ಹಾಸಿಗೆ ಹಾಸಿದ ಮೇಲೆ ಕೆಳಕ್ಕೆ ಬಿಡುತ್ತದೆ. ರಾತ್ರಿ ಹತ್ತಕ್ಕೆ ಫ್ಯಾನು ಹಾಕಿದರೆ ಬಿಸಿ ಗಾಳಿ ಯಾಕೆ ಬರುತ್ತದೆ ಅಂದರೆ ಇದಕ್ಕೇ. ಪಡುವಣ ಗೋಡೆಯೂ ಹೊರಮೈಯಿಂದ ಸಂಜೆ ತನಕ ಕಾಯುತ್ತದೆ. ಈ ಎರಡೂ ಕಡೆ ಬಿಸಿಲು ಹೊಡೆಯುವುದು ಹೊರಗೆ. ಒಳಗೋಡೆಯ ಮೇಲಿನ ಕಾಗದದಷ್ಟು ತೆಳು ಬಣ್ಣ ನೀಲಿ ಇದ್ದರೇನು, ಕೆಂಪು ಇದ್ದರೇನು? ಅದು ಕಾವನ್ನು ತಡೆಯಲಾರದು.

ನಂಬಿಕೆ ಬಾರದಿದ್ದರೆ ಹಳೆ ಯಲಬುರ್ಗಾ ತಾಲೂಕಿನ, ಈಗ ಕುಕನೂರು ತಾಲೂಕಿಗೆ ಸೇರಿದ ಇಟಗಿಗೆ ಹೋಗಿ ಬನ್ನಿ. ಅಲ್ಲಿನ ಮಹಾದೇವ ದೇವಾಲಯ 1112ರಲ್ಲಿ ಆದದ್ದು. ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಒಳಗೆಲ್ಲ ಬೂದು ಕಲ್ಲು, ನೀಲಿಯೂ ಇಲ್ಲ, ಹಸಿರೂ ಇಲ್ಲ. ಮೇ ತಿಂಗಳ ಮಧ್ಯಾಹ್ನ ಹೊರಗಿಂದ ಒಳಕ್ಕೆ ಕಾಲಿಟ್ಟರೆ ಮೈ ತಣ್ಣಗಾಗುತ್ತದೆ. ಅದು ದಪ್ಪ ಕಲ್ಲಿನ ಮಹಿಮೆ, ನೆರಳಿನ ಮಹಿಮೆ. ನಮ್ಮ ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಯೂ ಹಾಗೇ. ದಪ್ಪ ಗೋಡೆ, ಮೇಲೆ ಮೊಳ ದಪ್ಪ ಮಣ್ಣು, ಸಣ್ಣ ಬೆಳಕಿಂಡಿ. ಒಳಗೆ ಹೊಗೆ ಹಿಡಿದು ಗೋಡೆ ಕಪ್ಪಾಗಿದ್ದರೂ ಮನೆ ತಂಪು. ಅಜ್ಜಂದಿರು ಶೇಡ್ ಕಾರ್ಡು ನೋಡಿ ಮನೆ ತಂಪು ಮಾಡಿದವರಲ್ಲ.

ಹಾಗಾದರೆ ಬಣ್ಣಕ್ಕೂ ತಂಪಿಗೂ ಸಂಬಂಧವೇ ಇಲ್ಲವೆ? ಉಂಟು, ಆದರೆ ಚಾವಣಿಯ ಮೇಲ್ಮೈಗೆ. ಅಲ್ಲಿ ಒಂದೇ ಬಣ್ಣ ಕೆಲಸಕ್ಕೆ ಬರುವುದು, ಅಪ್ಪಟ ಬಿಳಿ. ಹೊಸದಾಗಿ ಬಳಿದ ಬಿಳಿ ಸುಣ್ಣ ಬಿಸಿಲಿನ ದೊಡ್ಡ ಪಾಲನ್ನು ಬಂದ ದಾರಿಗೇ ವಾಪಸ್ ಅಟ್ಟುತ್ತದೆ. ಮಾಸಿ ಕಪ್ಪಾದ ಸ್ಲ್ಯಾಬು ದೊಡ್ಡ ಪಾಲನ್ನು ನುಂಗುತ್ತದೆ. 2010ರ ಬಿಸಿಗಾಳಿಯಲ್ಲಿ ಜನ ಸತ್ತ ಮೇಲೆ ಅಹಮದಾಬಾದ್ ನಗರ 2013ರಲ್ಲಿ ಬಿಸಿಲಿನ ವಿರುದ್ಧ ಯೋಜನೆ ಮಾಡಿತು. ಆಮೇಲೆ ಬಡವರ ಮನೆ ಚಾವಣಿಗೆ ಬಿಳಿ ಬಳಿಸುವ ಕೆಲಸವನ್ನೂ ಕೈಗೆತ್ತಿಕೊಂಡಿತು. ನಮ್ಮ ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ತಂದಿತು. ದೊಡ್ಡ ಊರುಗಳು ಮಾಡುತ್ತಿರುವುದು ಸುಣ್ಣದ ಚೀಲದ ಕೆಲಸವನ್ನೇ.

ಮಾಡುವ ಬಗೆಯೂ ಕಷ್ಟದ್ದಲ್ಲ. ಚಾವಣಿ ಗುಡಿಸಿ, ತೊಳೆದು, ಪಾಚಿ ಕೆರೆದು, ಬಿರುಕು ಇದ್ದರೆ ಮುಚ್ಚಬೇಕು. ಸುಣ್ಣವನ್ನು ಹಿಂದಿನ ದಿನವೇ ನೀರಿಗೆ ಹಾಕಿ ಅರಳಿಸಿ, ಸೋಸಿ, ಹಿಡಿತಕ್ಕೆ ಅಂಟು ಬೆರೆಸಿ, ಎರಡು ಮೂರು ಕೈ ಹೊಡೆಯಬೇಕು. ಅರಳುವ ಸುಣ್ಣ ಕುದಿಯುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋದೀತು. ಮಕ್ಕಳನ್ನು ದೂರ ಇಡಿ, ಕನ್ನಡಕ ಹಾಕಿಕೊಳ್ಳಿ. ಒಂದು ಮಳೆಗಾಲಕ್ಕೆ ಸುಣ್ಣ ಸವೆಯುತ್ತದೆ, ವರ್ಷಾ ಬಿಸಿಲೇರುವ ಮುನ್ನ ಮತ್ತೆ ಹೊಡೆಯಬೇಕು. ಒಳಗಿನ ಎಮಲ್ಷನ್ ಖರ್ಚಿನ ಮುಂದೆ ಇದು ಚಿಲ್ಲರೆ.

ಬೆಚ್ಚನೆ, ತಂಪು ಎಂಬ ಹೆಸರು

ಕೆಂಪು, ಕಿತ್ತಳೆ, ಹಳದಿಗೆ ಬೆಚ್ಚನೆ ಬಣ್ಣ ಅಂತಾರೆ. ಬೆಂಕಿಯ ನೆನಪು. ನೀಲಿ, ಹಸಿರಿಗೆ ತಂಪು ಬಣ್ಣ. ನೀರು, ಎಲೆಯ ನೆನಪು. ಅಷ್ಟೇ ಹೊರತು ಬಣ್ಣದೊಳಗೆ ಕಾವೂ ಇಲ್ಲ, ಥಂಡಿಯೂ ಇಲ್ಲ. ಅಡುಗೆಮನೆಯಲ್ಲಿ ಗ್ಯಾಸ್ ಒಲೆ ನೋಡಿ. ನೀಲಿ ಉರಿ ಇದ್ದರೆ ಒಲೆ ಸರಿ ಇದೆ, ಕಾವು ಹೆಚ್ಚು. ಹಳದಿ ಆಯಿತೋ ಪಾತ್ರೆ ಕಪ್ಪಾಗುತ್ತದೆ, ಕಾವೂ ಕಡಿಮೆ. ಬಲ್ಬಿನ ಡಬ್ಬಿಯ ಮೇಲೂ ಇದೇ ತಮಾಷೆ. 'ವಾರ್ಮ್' ಅಂದರೆ ಬೆಚ್ಚನೆ ಹಳದಿ ಬಲ್ಬಿಗೆ 2700 ಅಥವಾ 3000 ಅಂತ ಅಂಕಿ ಇರುತ್ತದೆ. 'ಕೂಲ್ ಡೇಲೈಟ್' ಅನ್ನುವ ಬಿಳಿ ಬಲ್ಬಿಗೆ 6500. ಅಂಕಿ ಏರಿದಷ್ಟೂ ಹೆಸರು ತಂಪು!

ಬಣ್ಣ ನೋಡಿ ಮನುಷ್ಯನಿಗೆ ತಂಪು ಅನ್ನಿಸುತ್ತದೆಯೇ ಎಂದು ಪಂಡಿತರು ಪ್ರಯೋಗ ಮಾಡಿದ್ದಾರೆ. ಕೆಲವರಿಗೆ ಕೊಂಚ ಅನ್ನಿಸಿದ್ದುಂಟು, ಕೆಲವು ಪ್ರಯೋಗಗಳಲ್ಲಿ ಏನೂ ಅನ್ನಿಸಿಲ್ಲ. ಅನ್ನಿಸಿದ್ದೂ ಮನಸ್ಸಿಗೆ. ಬಣ್ಣ ಬದಲಾಯಿತೆಂದು ಗೋಡೆಗೆ ತೂಗುಹಾಕಿದ ಥರ್ಮಾಮೀಟರಿನ ಪಾದರಸ ಕೆಳಗಿಳಿಯುವುದಿಲ್ಲ.

ನಮ್ಮ ಜಿಲ್ಲೆಯ ಜನ ಬೆಚ್ಚನೆ ಬಣ್ಣಕ್ಕೆ ಎಂದೂ ಹೆದರಿದವರೂ ಅಲ್ಲ. ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡದಲ್ಲಿ ಬಂಡೆಯ ಮೇಲೆ ಆದಿಕಾಲದವರು ಬರೆದ ಚಿತ್ರಗಳಿವೆ. ಅವುಗಳ ಬಣ್ಣ ಕೆಮ್ಮಣ್ಣಿನ ಕೆಂಪು. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಇವತ್ತಿಗೂ ಮರದ ಬೊಂಬೆಗೆ, ದೇವರ ಮೂರ್ತಿಗೆ ಕೆಂಪು, ಹಳದಿ, ಹಸಿರು ಢಾಳಾಗಿ ಹಚ್ಚುತ್ತಾರೆ. ಹಳೆ ಮನೆಗಳಲ್ಲಿ ಗೋಡೆಯ ಮೇಲೆ ಸುಣ್ಣ, ಅದಕ್ಕೆ ಒಂದು ಚಿಟಿಕೆ ನೀಲಿ ಪುಡಿ. ಕೆಳಗೆ ಎರಡು ಮೂರು ಅಡಿ ಹುರಮಂಜು ಪಟ್ಟಿ. ತಂಪೂ ಬೆಚ್ಚಗೂ ಒಂದೇ ಗೋಡೆಯಲ್ಲಿ! ಅದರಲ್ಲಿ ಬುದ್ಧಿವಂತಿಕೆ ಇತ್ತು. ಮೇಲಿನ ಬಿಳಿ ಬೆಳಕನ್ನು ಹರಡುತ್ತಿತ್ತು, ಕೆಳಗಿನ ಕೆಂಪು ಮಣ್ಣಿನ ಕೈ, ಒರಗಿದ ಬೆನ್ನಿನ ಕಲೆ ಮುಚ್ಚುತ್ತಿತ್ತು.

ಕೋಣೆ ನೋಡಿ ಬಣ್ಣ ನೋಡಿ

ಕಾವಿನ ಲೆಕ್ಕ ಚಾವಣಿಗೆ ಬಿಟ್ಟ ಮೇಲೆ ಬಣ್ಣದ ಲೆಕ್ಕ ಸುಲಭ. ಕೇಳಬೇಕಾದ್ದು ಮೂರು: ಕೋಣೆಗೆ ಬೆಳಕು ಯಾವ ಕಡೆಯಿಂದ, ಧೂಳು ಯಾವ ಬಣ್ಣದ್ದು, ಅಲ್ಲಿ ಕೂರುವವರು ಯಾರು?

ಬಡಗಣ ದಿಕ್ಕಿನ ಕಿಟಕಿ, ಅಥವಾ ಒತ್ತಾದ ಮನೆಗಳ ನಡುವಿನ ಕತ್ತಲೆ ಕೋಣೆ ಇದ್ದರೆ ಅಲ್ಲಿ ನೀಲಿ, ಬೂದು ಬಣ್ಣ ಮಂಕಾಗುತ್ತದೆ. ಹಗಲಲ್ಲೇ ಸಂಜೆಯಾದಂತೆ. ಅಲ್ಲಿಗೆ ಕೆನೆ, ಗಂಧ, ತೆಳು ಹಳದಿ ಒಳ್ಳೆಯದು. ಪಡುವಣ ಕೋಣೆಗೆ ಸಂಜೆಯ ಬಿಸಿಲೇ ಕೆಂಪಗೆ. ಅಲ್ಲಿ ಕಿತ್ತಳೆ ಹಚ್ಚಿದರೆ ಕುಲುಮೆಯ ಮುಂದೆ ಕೂತಂತೆ ಕಣ್ಣು ಕುಕ್ಕುತ್ತದೆ. ತಿಳಿ ಹಸಿರೋ ನೀಲಿಯೋ ಅದನ್ನು ಸಮ ಮಾಡುತ್ತದೆ. ಮೂಡಣ ಕೋಣೆಗೆ ಎರಡೂ ಒಗ್ಗುತ್ತವೆ. ಒಳಮಾಡು ಮಾತ್ರ ಎಲ್ಲ ಕಡೆಯೂ ಬಿಳಿಯೇ ಇರಲಿ. ಬೆಳಕು ಹೆಚ್ಚು, ಕರೆಂಟು ಉಳಿತಾಯ.

ಶೇಡ್ ಕಾರ್ಡಿನ ಬೆರಳಗಲದ ಚೌಕ ನೋಡಿ ಮೋಸ ಹೋಗಬೇಡಿ. ಕಾಗದದ ಮೇಲೆ ತಿಳಿಯಾಗಿ ಕಂಡದ್ದು ನಾಲ್ಕು ಗೋಡೆಗೆ ಏರಿದಾಗ ಗಾಢವಾಗುತ್ತದೆ, ಯಾಕಂದರೆ ಒಂದು ಗೋಡೆಯ ಬಣ್ಣ ಇನ್ನೊಂದರ ಮೇಲೆ ಬೀಳುತ್ತದೆ. ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಲು ತಿಳಿಯದನ್ನು ಆರಿಸಿ. ಸಣ್ಣ ಡಬ್ಬಿ ತಂದು ಗೋಡೆಯ ಮೇಲೆ ಎರಡಡಿ ಚೌಕ ಹಚ್ಚಿ, ಒಣಗಲು ಬಿಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬಲ್ಬು ಹಾಕಿ, ಮೂರು ಹೊತ್ತು ನೋಡಿ. ಹಳದಿ ಬಲ್ಬಿನ ಕೆಳಗೆ ನೀಲಿ ಮಾಸುತ್ತದೆ. ಬಿಳಿ ಬಲ್ಬಿನ ಕೆಳಗೆ ಕೆನೆ ಬಣ್ಣ ಸಪ್ಪೆಯಾಗುತ್ತದೆ.

ಇನ್ನು ಧೂಳು. ಕುಷ್ಟಗಿ ಕಡೆ ಮಸಾರಿಯ ಕೆಂಪು ಧೂಳು, ಯಲಬುರ್ಗಾ ಕಡೆ ಎರೆಮಣ್ಣಿನ ಕಪ್ಪು ಧೂಳು. ಕೆಂಪು ಧೂಳಿಗೆ ಗಂಧದ ಬಣ್ಣ ಹೊಂದಿಕೊಂಡು ಹೋಗುತ್ತದೆ, ತಿಳಿ ನೀಲಿ ವಾರದಲ್ಲಿ ಕೊಳೆ ತೋರಿಸುತ್ತದೆ. ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳ ಕರಿ ಬೂದಿ ಬೀಳುವ ಊರಿನವರ ಪಾಡು ಬೇರೆ. ಅಲ್ಲಿ ಬೆಚ್ಚನೆ, ತಂಪು ಎಂಬ ಆಯ್ಕೆಯೇ ಉಳಿದಿಲ್ಲ. ಯಾವ ಬಣ್ಣ ಹಚ್ಚಿದರೂ ಕಡೆಗೆ ಕಪ್ಪೇ. ಅವರು ತೊಳೆಯಬಹುದಾದ ಪೇಂಟು ಕೊಳ್ಳುವುದು ಸರಿ, ಆದರೆ ಆ ಬೂದಿಯ ಉತ್ತರ ಬಣ್ಣದ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಗಂಗಾವತಿಯ ಕಾಲುವೆ ಸೀಮೆಯಲ್ಲಿ ನೀರಿನ ಪಸೆ ಗೋಡೆ ಏರುತ್ತದೆ. ಬುಡದಲ್ಲಿ ಉಪ್ಪು ಅರಳಿ ಬಣ್ಣ ಹಪ್ಪಳದಂತೆ ಏಳುತ್ತದೆ. ಅಲ್ಲಿ ಮೊದಲು ಪಸೆಗೆ ಮದ್ದು, ಆಮೇಲೆ ಬಣ್ಣ. ಹಸಿ ಗೋಡೆಗೆ ಎಣ್ಣೆ ಪೇಂಟು ಹೊಡೆದರೆ ನೀರು ಒಳಗೇ ಸಿಕ್ಕಿಬಿದ್ದು ಗುಳ್ಳೆ ಏಳುತ್ತದೆ. ಸುಣ್ಣವಾದರೆ ಗೋಡೆಗೆ ಉಸಿರಾಡಲು ಬಿಡುತ್ತದೆ.

ಅಂಗಡಿಕಾರರಿಗೆ ಎರಡು ಮಾತು

ಸೀರೆ ಅಂಗಡಿಯ ಗೋಡೆಗೆ ಗಾಢ ಬಣ್ಣ ಹಚ್ಚಿಸಿದ ಮಾಲೀಕರು ಒಂದು ಗಮನಿಸಿರಬಹುದು. ಗಿರಾಕಿ ಇಳಕಲ್ ಸೀರೆ ಹಿಡಿದು ಬಾಗಿಲಿಗೆ, ಬಿಸಿಲಿಗೆ ಓಡುತ್ತಾಳೆ. ತಪ್ಪು ಆಕೆಯದಲ್ಲ. ಹಸಿರು ಗೋಡೆಯ ಬೆಳಕು ಕೆಂಪು ಸೀರೆಯ ಮೇಲೆ ಬಿದ್ದು ಬಣ್ಣ ಕೆಡಿಸುತ್ತದೆ. ಬಟ್ಟೆ ಅಂಗಡಿಗೆ ಬಿಳಿ ಅಥವಾ ಬಿಳಿಗೆ ಹತ್ತಿರದ ಬಣ್ಣ, ಹಗಲಿನಂಥ ಬೆಳಕು ಒಳ್ಳೆಯದು. ಬಂಗಾರದ ಅಂಗಡಿಯವರು ಹಳದಿ ಬೆಳಕು ಹಾಕುವುದೂ, ಬೆಳ್ಳಿಗೆ ಬಿಳಿ ಬೆಳಕು ಹಾಕುವುದೂ ಸುಮ್ಮನೆ ಅಲ್ಲ. ಖಾನಾವಳಿಗೆ ಬೆಚ್ಚನೆ ಬಣ್ಣ ಚೆಂದ. ನೀಲಿ ಬೆಳಕಿನಲ್ಲಿ ಬದನೆಕಾಯಿ ಎಣಗಾಯಿಯೂ ನಿನ್ನೆಯದರಂತೆ ಕಾಣುತ್ತದೆ.

ಪೇಂಟ್ ಅಂಗಡಿಯವರಿಗೂ ಒಂದು ವಿನಂತಿ. ಗಿರಾಕಿ "ಮನಿ ತಂಪ ಆಗಬೇಕ್ರಿ" ಅಂದರೆ ನೀಲಿ ಡಬ್ಬಿ ಇಳಿಸುವ ಮೊದಲು "ಮ್ಯಾಲೆ ಸ್ಲ್ಯಾಬೋ, ತಗಡೋ?" ಅಂತ ಕೇಳಿ. ಚಾವಣಿಯ ಬಿಳಿ ಪೇಂಟೂ ನಿಮ್ಮಲ್ಲೇ ಸಿಗುತ್ತದಲ್ಲ! ವ್ಯಾಪಾರವೂ ಆಯಿತು, ಪುಣ್ಯವೂ ಬಂತು.

ಹಳೆ ಹಳದಿಯ ವಿಷ

ಬೆಚ್ಚನೆ ಬಣ್ಣದಲ್ಲಿ ನಿಜವಾಗಿ ಹೆದರಬೇಕಾದ್ದು ಒಂದು ಇದೆ, ಅದು ಕಾವಲ್ಲ, ಸೀಸ. ಹಿಂದೆ ಬಾಗಿಲು, ಕಿಟಕಿ, ತೊಟ್ಟಿಲಿಗೆ ಹೊಡೆಯುತ್ತಿದ್ದ ಹೊಳೆಯುವ ಹಳದಿ, ಕಿತ್ತಳೆ, ಕೆಂಪು ಎಣ್ಣೆ ಪೇಂಟುಗಳಿಗೆ ಸೀಸದ ಬಣ್ಣ ಬೆರೆಸುತ್ತಿದ್ದರು. ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರಿನಿಂದ ಮನೆ ಪೇಂಟಿನಲ್ಲಿ ಹತ್ತು ಲಕ್ಷ ಪಾಲಿಗೆ 90 ಪಾಲಿಗಿಂತ ಹೆಚ್ಚು ಸೀಸ ಇರಕೂಡದು. ಡಬ್ಬಿಯ ಮೇಲೆ ಅದನ್ನು ಬರೆದಿರಬೇಕು, ಓದಿ ಕೊಳ್ಳಿ. ಆದರೆ ಹಳೆ ಬಾಗಿಲಿನ ಮೇಲಿನ ಹಳೆ ಪೇಂಟು ಎಲ್ಲಿಗೂ ಹೋಗಿಲ್ಲ. ಅದನ್ನು ಉಪ್ಪು ಕಾಗದದಿಂದ ಒಣಗಿಸಿಯೇ ಉಜ್ಜಿದರೆ ಧೂಳು ಮಕ್ಕಳ ಬಾಯಿಗೆ ಹೋಗುತ್ತದೆ. ಸೀಸ ಕೂಸಿನ ಮಿದುಳಿಗೇ ಪೆಟ್ಟು ಕೊಡುತ್ತದೆ. ಒದ್ದೆ ಮಾಡಿ ಉಜ್ಜಿಸಿ, ಬಸುರಿಯರನ್ನೂ ಮಕ್ಕಳನ್ನೂ ಅಲ್ಲಿಂದ ದೂರ ಇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಉಜ್ಜುವ ಪೇಂಟರಣ್ಣನೂ ಬಾಯಿಗೆ ಮಾಸ್ಕ್ ಕಟ್ಟಿಕೊಳ್ಳಲಿ. ಅವನಿಗೂ ಮನೆಯಲ್ಲಿ ಮಕ್ಕಳಿವೆ.

ಕಡೆಗೆ ಗೆದ್ದವರು ಯಾರು?

ನಮ್ಮ ಮನೆಯ ಕತೆ ಮುಗಿಸಬೇಕಲ್ಲ. ಅವ್ವನಿಗೆ ಮಳೆಗಾಲದಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದವಳು ತನ್ನ ಕೋಣೆ ಬಾಗಿಲಲ್ಲೇ ನಿಂತುಬಿಟ್ಟಳು. "ಇಷ್ಟ ನೀಲಿ ಇತ್ತೇನೋ ಇದು? ಇದೇನ ಮನಿಯೋ, ದವಾಖಾನಿಯೋ?"

ಆಗ ಡಾಕ್ಟರು ವಿವರಿಸಿದರು. ಪೊರೆ ಬೆಳೆದ ಕಣ್ಣು ಹಳದಿ ಗಾಜಿನೊಳಗಿಂದ ನೋಡಿದ ಹಾಗೆ. ನೀಲಿ ಅದಕ್ಕೆ ಮಂಕಾಗಿ ಕಾಣುತ್ತದೆ. ಪೊರೆ ತೆಗೆದ ಮೇಲೆ ನೀಲಿ ಎದ್ದು ಹೊಡೆಯುತ್ತದೆ. ಅಂದರೆ ನಾನು ಅವ್ವನಿಗೆಂದು ಹಚ್ಚಿಸಿದ ತಂಪು ಬಣ್ಣವನ್ನು ಅವ್ವ ಅಷ್ಟು ತಿಂಗಳು ಸರಿಯಾಗಿ ನೋಡಿರಲೇ ಇಲ್ಲ! ಆಕೆಯನ್ನು ಒಂದು ಮಾತು ಕೇಳಿಯೂ ಇರಲಿಲ್ಲ.

ಈ ವರ್ಷ ಬಿಸಿಲೇರುವ ಮೊದಲೇ ಅಣ್ಣ-ತಮ್ಮ ಇಬ್ಬರೂ ಲುಂಗಿ ಎತ್ತಿ ಕಟ್ಟಿ ಚಾವಣಿ ಹತ್ತಿದೆವು. ಸುಣ್ಣ ಮೂರು ಕೈ. ಪಡುವಣ ಕಿಟಕಿಗೆ ಹೊರಗಿನಿಂದ ತಟ್ಟಿ ಕಟ್ಟಿದೆವು. ಏಪ್ರಿಲ್ ಬಂತು, ಹೋಯಿತು. ಸೆಕೆ ಇರಲಿಲ್ಲ ಅಂತ ಸುಳ್ಳು ಹೇಳಲಾರೆ, ಇದು ಕೊಪ್ಪಳ. ಆದರೆ ರಾತ್ರಿ ಮಂಚದ ಮೇಲೆ ನಿಂತು ಒಳಮಾಡು ಮುಟ್ಟಿದರೆ ಹೋದ ವರ್ಷದ ಹಾಗೆ ಕೈ ಸುಡಲಿಲ್ಲ. ಅವ್ವ ದವಾಖಾನೆ ಮೆಟ್ಟಲು ಹತ್ತಲಿಲ್ಲ.

ದೀಪಾವಳಿಗೆ ಆಕೆಯ ಕೋಣೆಗೆ ಹೊಸ ಬಣ್ಣ. ಈ ಸಲ ಶೇಡ್ ಕಾರ್ಡು ನೇರ ಅವ್ವನ ತೊಡೆಯ ಮೇಲೆ ಇಟ್ಟೆ. ಬೆರಳಿಟ್ಟದ್ದು ತೆಳು ಗಂಧದ ಬಣ್ಣಕ್ಕೆ. ನಾನು ಮೇಲೆ ಬರೆದ ಶಾಸ್ತ್ರವನ್ನೇ ಹೇಳಿದೆ: "ಯವ್ವಾ, ಇದು ಪಡುವಣ ಕೋಣಿ. ಸಂಜಿ ಬಿಸಲಿಗೆ ಗ್ವಾಡೆಲ್ಲಾ ಕೆಂಪ ಕಾಣತೈತಿ."

"ಕಾಣಲಿ ಬಿಡೋ. ಹೊಲದಾಗ ಕೆಲಸ ಮುಗಿಸಿ ಬರೂ ಹೊತ್ತು ಅದು. ನನಗ ಚಂದ ಕಾಣತೈತಿ" ಅಂದಳು.

ಅಲ್ಲಿಗೆ ಶಾಸ್ತ್ರ ಮುಗಿಯಿತು. ಓದುಗರೇ, ತಂಪು ಮಾಡುವುದು ಚಾವಣಿಯ ಕೆಲಸ. ಅದನ್ನು ಅದಕ್ಕೇ ವಹಿಸಿ, ಹಣ ಕಡಿಮೆ ಇದ್ದರೆ ಸುಣ್ಣದ ಚೀಲ ಮೊದಲು ಬರಲಿ, ಎಮಲ್ಷನ್ ಮುಂದಿನ ವರ್ಷಕ್ಕೆ ಕಾಯಲಿ. ಆಮೇಲೆ ಗೋಡೆಗೆ ಯಾವ ಬಣ್ಣ ಅನ್ನುವುದನ್ನು ಅಂಗಡಿಯವರನ್ನೂ ಕೇಳಬೇಡಿ, ಈ ವರದಿಗಾರನನ್ನೂ ಕೇಳಬೇಡಿ. ಆ ಕೋಣೆಯಲ್ಲಿ ದಿನವಿಡೀ ಕೂರುವವರು ಯಾರೋ ಅವರನ್ನು ಕೇಳಿ.